ಬೆವರು ಯಾರದು, ಬಟ್ಟಲು ಯಾರದು?

ಜರ್ಮನಿಯ ರೀಸ್ಲಿಂಗ್ ಎಂಬ ಬಿಳಿ ವೈನನ್ನು ಯಾವ ತಿನಿಸಿನ ಜೊತೆಗೆ ಕುಡಿಯಬೇಕು? ಸೀಗಡಿಗೋ, ಬಾತುಕೋಳಿಗೋ, ಥಾಯ್ಲೆಂಡಿನ ಖಾರದ ಸಾರಿಗೋ? ಇಂಗ್ಲಿಷ್ ಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ, ದೊಡ್ಡ ಹೋಟೆಲುಗಳ ಊಟದ ಪಟ್ಟಿಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಗಂಭೀರವಾಗಿ ಚರ್ಚಿಸುತ್ತಾರೆಂದರೆ, ಲೋಕದ ಉಳಿದ ಪ್ರಶ್ನೆಗಳೆಲ್ಲ ತೀರಿಹೋದವೇನೋ ಎಂಬ ಭ್ರಮೆ ಹುಟ್ಟುತ್ತದೆ. ಬಟ್ಟಲಿನ ಆಕಾರ, ಅದನ್ನು ಹಿಡಿಯುವ ರೀತಿ, ಎಷ್ಟು ಡಿಗ್ರಿ ತಣ್ಣಗಿರಬೇಕು ಎಂಬ ಲೆಕ್ಕ, ಎಲ್ಲವನ್ನೂ ಬರೆಯುತ್ತಾರೆ. ಆ ದ್ರಾಕ್ಷಿಯನ್ನು ಕಿತ್ತ ಕೈ ಯಾವುದು, ಆ ಕೈಗೆ ಸಿಕ್ಕಿದ್ದೆಷ್ಟು ಎಂಬುದನ್ನು ಮಾತ್ರ ಒಂದು ಸಾಲಿನಲ್ಲೂ ಬರೆಯುವುದಿಲ್ಲ.

ಸಮಾಜವಾದಿ ಪತ್ರಿಕೆಗೆ ಈ ಕುಡಿತದ ಮಾತೇಕೆ ಎಂದು ನಮ್ಮ ಕೆಲವು ಓದುಗರು ಹುಬ್ಬು ಗಂಟಿಕ್ಕಬಹುದು. ಕುಡಿಯಿರಿ ಎಂದು ಹೇಳಲು ನಾವು ಲೇಖನಿ ಹಿಡಿದಿಲ್ಲ. ಪಗಾರದ ದಿನ ಗಿರಣಿಯ ಗೇಟಿನಿಂದ ಅಂಗಡಿಯವರೆಗೆ ಹಣ ಹೇಗೆ ಕರಗುತ್ತದೆಂಬುದನ್ನು ಕಂಡವರು ನಾವು. ಆದರೆ ಕುಡಿತದಲ್ಲೂ ಎರಡು ಜಾತಿ ಮಾಡಿದ್ದಾರಲ್ಲ, ಅದನ್ನು ಕೇಳಬಾರದೇ? ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿಯನ್ನು ನಿಷೇಧಿಸಿದರು. ಹೆಣ್ಣುಮಕ್ಕಳ ಕಣ್ಣೀರು ಬಲ್ಲ ನಾವು ಅದಕ್ಕೆ ಮರುಗುವವರಲ್ಲ. ಆದರೆ ಅದೇ 2007ರಲ್ಲಿ ಇದೇ ರಾಜ್ಯ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ಹೊರಡಿಸಿತು. ಬಡವ ಕುಡಿದರೆ ಚಟ, ಉಳ್ಳವ ಕುಡಿದರೆ ಸಂಸ್ಕೃತಿ! ಈ ಸಂಸ್ಕೃತಿಯ ಬೇರು ಎಲ್ಲಿದೆಯೆಂದು ಅಗೆದು ನೋಡುವುದೇ ಈ ಬರಹದ ಕೆಲಸ. ಅಗೆದರೆ ಸಿಗುವುದು ರೈತನ ಬೆನ್ನು, ಕೂಲಿಯ ಮೊಣಕಾಲು, ಮತ್ತು ಆಶ್ಚರ್ಯಪಡಬೇಡಿ, ಕಾರ್ಲ್ ಮಾರ್ಕ್ಸ್.

ಮೊದಲು ವಸ್ತುವನ್ನು ನೋಡೋಣ. ರೀಸ್ಲಿಂಗ್ ಎಂಬುದು ಒಂದು ಬಿಳಿ ದ್ರಾಕ್ಷಿಯ ತಳಿ. ಈ ಹೆಸರು ನಮಗೆ ತಿಳಿದಂತೆ ಮೊದಲು ಬರಹದಲ್ಲಿ ಕಾಣಿಸಿದ್ದು 1435ರಲ್ಲಿ, ರೈನ್ ಸೀಮೆಯ ಒಬ್ಬ ಪಾಳೆಯಗಾರನ ಖರ್ಚಿನ ಲೆಕ್ಕದಲ್ಲಿ. ನೋಡಿದಿರಾ, ಹುಟ್ಟಿದ್ದೇ ಧಣಿಯ ಖರ್ಚಿನ ಪುಸ್ತಕದಲ್ಲಿ! ರೈನ್ ನದಿಗೆ ಸೇರುವ ಮೋಸೆಲ್ ಎಂಬ ಹೊಳೆ ಹಾವಿನಂತೆ ಸುತ್ತಿ ಸುತ್ತಿ ಹರಿಯುತ್ತದೆ. ಅದರ ದಡದ ಗುಡ್ಡಗಳೆಲ್ಲ ಕಪ್ಪು ಕಲ್ಲಿನ ಪದರಗಳು; ನಮ್ಮ ಮಕ್ಕಳು ಬರೆಯುತ್ತಿದ್ದ ಸ್ಲೇಟಿನ ಕಲ್ಲು. ಅಷ್ಟು ಉತ್ತರದ ಚಳಿ ನಾಡಿನಲ್ಲಿ ದ್ರಾಕ್ಷಿ ಹಣ್ಣಾಗುವುದೇ ಕಷ್ಟ. ಹಗಲಲ್ಲಿ ಆ ಕಲ್ಲು ಬಿಸಿಲನ್ನು ಕುಡಿದು ರಾತ್ರಿ ಬಳ್ಳಿಗೆ ಶಾಖ ಕೊಡುತ್ತದೆ. ಇಳಿಜಾರು ಕಡಿದಾದಷ್ಟೂ ಸೂರ್ಯನ ಕಿರಣ ನೇರವಾಗಿ ಬೀಳುತ್ತದೆ. ಆದ್ದರಿಂದ ಒಳ್ಳೆಯ ದ್ರಾಕ್ಷಿ ಬೇಕಾದರೆ ಗೋಡೆಯಂಥ ಗುಡ್ಡದ ಮೇಲೆಯೇ ಬೆಳೆಯಬೇಕು. ಬ್ರೆಮ್ ಎಂಬ ಊರಿನ ಬಳಿಯ ಕಾಲ್ಮಾಂಟ್ ಗುಡ್ಡದ ಇಳಿಜಾರು ಕೆಲವು ಕಡೆ 65 ಡಿಗ್ರಿಯವರೆಗೆ ಇದೆ. ಮನೆಗೆ ಒರಗಿಸಿದ ಏಣಿ ಅದಕ್ಕಿಂತ ಬಹಳವೇನೂ ಕಡಿದಾಗಿರುವುದಿಲ್ಲ.

ಅಲ್ಲಿ ಟ್ರ್ಯಾಕ್ಟರು ನಿಲ್ಲದು, ಎತ್ತೂ ನಿಲ್ಲದು. ಒಂದೊಂದು ಬಳ್ಳಿಗೂ ಒಂದೊಂದು ಕಂಬ ನೆಟ್ಟು ಕಟ್ಟುತ್ತಾರೆ. ಮಳೆಗೆ ಜಾರಿದ ಕಲ್ಲುಮಣ್ಣನ್ನು ಮತ್ತೆ ಮೇಲಕ್ಕೆ ಹೊತ್ತು ಹಾಕುತ್ತಾರೆ. ಬಯಲಿನಲ್ಲಿ ಯಂತ್ರ ಹಿಡಿದು ಒಂದು ಹೆಕ್ಟೇರ್ ತೋಟವನ್ನು ವರ್ಷಕ್ಕೆ ಕೆಲವು ನೂರು ಗಂಟೆಗಳ ದುಡಿಮೆಯಲ್ಲಿ ನೋಡಿಕೊಳ್ಳಬಹುದು. ಈ ಗುಡ್ಡದಲ್ಲಿ ಸಾವಿರ ಗಂಟೆ ದಾಟುತ್ತದೆ. ತೀರ ದುಬಾರಿಯ ಸಿಹಿ ವೈನಿಗಂತೂ ಬಳ್ಳಿಯಲ್ಲೇ ಒಣಗಿ ಸುಕ್ಕಾದ ಹಣ್ಣನ್ನು ಒಂದೊಂದಾಗಿ ಆರಿಸಿ ಕೀಳಬೇಕು. ಗೊಂಚಲನ್ನಲ್ಲ, ಒಂದೊಂದೇ ಹಣ್ಣನ್ನು! ಅಕ್ಕಿಯಲ್ಲಿ ಕಲ್ಲು ಆರಿಸುವ ನಮ್ಮ ತಾಯಂದಿರಿಗೆ ಆ ಕೆಲಸದ ತಾಳ್ಮೆ ಗೊತ್ತು. ಅದಕ್ಕೆ ನೂರಾರು ಯೂರೋ ಬೆಲೆ ಕಟ್ಟಿ, ಮುದ್ರೆ ಒತ್ತಿ, ಹರಾಜು ಹಾಕುತ್ತಾರೆ. ಕೂಗಿದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ.

ಈಗ ಮಾರ್ಕ್ಸ್‌ನ ಮಾತು. ಆತ ಹುಟ್ಟಿದ ಟ್ರಿಯರ್ ಪಟ್ಟಣ ಇದೇ ಮೋಸೆಲ್ ದಡದಲ್ಲಿದೆ. ಹುಟ್ಟಿದ್ದು 1818ರಲ್ಲಿ. ತಂದೆ ವಕೀಲರು, ಪಕ್ಕದ ಮೆರ್ಟೆಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಅವರಿಗೂ ಸ್ವಲ್ಪ ದ್ರಾಕ್ಷಿ ತೋಟವಿತ್ತು. 1815ರಲ್ಲಿ ಈ ಸೀಮೆ ಪ್ರಷ್ಯಾ ದೊರೆಯ ಕೈಗೆ ಬಂತು. 1818ರ ಸುಂಕದ ಕಾನೂನಿನಿಂದ ಹೊರಗಿನ ವೈನಿಗೆ ತಡೆ ಬಿದ್ದು ಮೋಸೆಲ್ ವೈನಿಗೆ ಒಳ್ಳೆಯ ಬೆಲೆ ಬಂತು. ರೈತರು ಸಾಲ ಮಾಡಿ ಹೊಸ ಬಳ್ಳಿ ನೆಟ್ಟರು. ಹತ್ತು ವರ್ಷ ಕಳೆಯುವುದರೊಳಗೆ ಸರ್ಕಾರ ನೆರೆಯ ಸಂಸ್ಥಾನಗಳ ಜೊತೆ ಒಪ್ಪಂದಕ್ಕೆ ತೊಡಗಿತು. 1834ರಲ್ಲಿ ಸುಂಕದ ಒಕ್ಕೂಟವೇ ಆಯಿತು. ಬಯಲು ಸೀಮೆಯ ಅಗ್ಗದ ವೈನು ನುಗ್ಗಿತು. ಬೆಲೆ ಕುಸಿಯಿತು. ತೆರಿಗೆ ಮಾತ್ರ ಇದ್ದ ಮಟ್ಟದಲ್ಲೇ ನಿಂತಿತು. ಸಾಲಗಾರನ ಮನೆ ಹರಾಜಿಗೆ ಬಂತು. ಕಾರ್ಖಾನೆಯ ಮಾಲನ್ನು ಸುಲಭವಾಗಿ ಸಾಗಿಸಲು ವ್ಯಾಪಾರಿ ದೊರೆಗಳು ಮಾಡಿಕೊಂಡ ಏರ್ಪಾಡಿನ ಲೆಕ್ಕವನ್ನು ಗುಡ್ಡದ ರೈತ ತೀರಿಸಿದ.

1842ರ ಕೊನೆಯಲ್ಲಿ ಕಲೋನ್ ನಗರದ ರೈನಿಷ್ ಝೈಟುಂಗ್ ಪತ್ರಿಕೆಯಲ್ಲಿ ಈ ರೈತರ ಗೋಳಿನ ಮೇಲೆ ವರದಿ ಬಂತು. ಪ್ರಾಂತದ ದೊಡ್ಡ ಅಧಿಕಾರಿ ಕೆರಳಿ, ಸುಳ್ಳು ಬರೆದಿದ್ದೀರಿ, ರುಜುವಾತು ಕೊಡಿ ಎಂದು ಗದರಿದ. ವರದಿಗಾರ ಬೇರೊಬ್ಬ, ಉತ್ತರ ಕೊಡುವ ಹೊಣೆಯನ್ನು ಸಂಪಾದಕ ಮಾರ್ಕ್ಸ್ ತನ್ನ ತಲೆಯ ಮೇಲೆ ಹೊತ್ತ. ಆಗ ಅವನ ವಯಸ್ಸು 24. 1843ರ ಜನವರಿಯಲ್ಲಿ ಕಂತುಕಂತಾಗಿ ಬರೆದ. ದಾಖಲೆ ತೆಗೆದ, ಅರ್ಜಿ ತೆಗೆದ, ಸರ್ಕಾರದ ಜವಾಬು ತೆಗೆದ. ಅವನು ತೋರಿಸಿಕೊಟ್ಟದ್ದು ಇಷ್ಟು: ಜನ ಬಡವಾದರೆ ಅಧಿಕಾರಿ ತನ್ನ ಆಡಳಿತದಲ್ಲಿ ಕಾರಣ ಹುಡುಕುವುದಿಲ್ಲ; ಮಳೆಯಲ್ಲಿ ಹುಡುಕುತ್ತಾನೆ, ಇಲ್ಲವೆ ಬಡವನ ನಡತೆಯಲ್ಲಿ ಹುಡುಕುತ್ತಾನೆ. ನೂರ ಎಂಬತ್ತು ವರ್ಷ ಕಳೆದರೂ ಈ ಮಾತು ಹಳತಾಗಿದೆಯೇ, ಗಿರಣಿ ಮುಚ್ಚಿದಾಗ ಕೂಲಿಕಾರನ ಸೋಮಾರಿತನವನ್ನು ಎತ್ತಿ ಆಡುವವರನ್ನು ಕೇಳಿ. ಸೆನ್ಸಾರು ಉಳಿದ ಕಂತುಗಳನ್ನು ತಡೆಯಿತು. ಅದೇ ತಿಂಗಳು ಪತ್ರಿಕೆಯನ್ನೇ ಮುಚ್ಚುವ ಆಜ್ಞೆ ಹೊರಟಿತು. ಏಪ್ರಿಲಿಗೆ ಪತ್ರಿಕೆ ಇರಲಿಲ್ಲ. 1859ರಲ್ಲಿ ತನ್ನ ಅರ್ಥಶಾಸ್ತ್ರದ ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ಮಾರ್ಕ್ಸ್ ತಾನೇ ಒಪ್ಪಿಕೊಂಡಿದ್ದಾನೆ: ಕಾಡಿನ ಸೌದೆ ಆಯ್ದ ಬಡವರ ಮೇಲಿನ ಕಾನೂನು, ಮೋಸೆಲ್ ರೈತರ ಸ್ಥಿತಿ, ಇವೇ ಅವನನ್ನು ಮೊದಲು ಹಣಕಾಸಿನ ಪ್ರಶ್ನೆಯ ಕಡೆಗೆ ತಳ್ಳಿದ್ದು. ಇಷ್ಟು ದೊಡ್ಡ ಸಂಗತಿ ವೈನಿನ ಪುರವಣಿಯಲ್ಲಿ ಎಲ್ಲಿಯಾದರೂ ಬಂದಿದೆಯೇ? ಸೀಸೆಯ ಮೇಲೆ ಕೋಟೆಯ ಚಿತ್ರ ಅಚ್ಚು ಹಾಕುತ್ತಾರೆ, ಬಿಷಪ್ಪನ ಮುದ್ರೆ ಅಚ್ಚು ಹಾಕುತ್ತಾರೆ.

ಅದೇ ಟ್ರಿಯರಿನಲ್ಲಿ ಲುಡ್ವಿಗ್ ಗಾಲ್ ಎಂಬ ಇನ್ನೊಬ್ಬನಿದ್ದ. ಜರ್ಮನಿಯ ಮೊದಲ ಸಮಾಜವಾದಿಗಳಲ್ಲಿ ಅವನನ್ನು ಎಣಿಸುತ್ತಾರೆ. ಬಿಸಿಲಿಲ್ಲದ ವರ್ಷ ದ್ರಾಕ್ಷಿ ಹುಣಸೆಯಂತೆ ಹುಳಿಯಾಗಿ ಬಡರೈತ ಕೆಡುತ್ತಾನೆಂದು, ಹುದುಗುವ ಮೊದಲು ರಸಕ್ಕೆ ಸಕ್ಕರೆ ನೀರು ಬೆರೆಸುವ ಉಪಾಯವನ್ನು 1850ರ ಸುಮಾರಿಗೆ ಪ್ರಚಾರ ಮಾಡಿದ. ಉದ್ದೇಶ ಒಳ್ಳೆಯದೇ. ದೊಡ್ಡ ವರ್ತಕರು ಅದನ್ನೇ ಹಿಡಿದು ರಸವನ್ನು ಹಿಗ್ಗಿಸಿ ಮಾರಿದರು. 1909ರ ಕಾನೂನು ಮಿತಿ ಹಾಕುವವರೆಗೂ ಹಿಗ್ಗಿಸಿದರು. ಬಡವನಿಗೆಂದು ತೋಡಿದ ಬಾವಿಯಲ್ಲಿ ಸಾಹುಕಾರ ಏತ ಹಾಕಿದ ಹಾಗೆ.

ಈ ರೈತರು ಸುಮ್ಮನೆ ಕುಳಿತವರಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ವೈನಿನ ಮೇಲೆ ಹಾಕಿದ ತೆರಿಗೆ ಯುದ್ಧ ಮುಗಿದರೂ ಇಳಿಯಲಿಲ್ಲ. 1926ರ ಫೆಬ್ರವರಿ 25ರಂದು ಬರ್ನ್‌ಕಾಸ್ಟೆಲ್ ಪಟ್ಟಣದಲ್ಲಿ ಸಾವಿರಾರು ಬೆಳೆಗಾರರು ತೆರಿಗೆ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ಎಸೆದು ಬೆಂಕಿ ಇಟ್ಟರು. ಕೆಲವೇ ವಾರಗಳಲ್ಲಿ ಆ ತೆರಿಗೆ ಹೋಯಿತು. ಬೆಂಕಿ ಇಡುವುದನ್ನು ನಾವು ಹೊಗಳುತ್ತಿಲ್ಲ. ಆದರೆ ವರ್ಷಗಟ್ಟಲೆ ಅರ್ಜಿಗೆ ಬಗ್ಗದ ಸರ್ಕಾರ ಒಂದು ಮಧ್ಯಾಹ್ನಕ್ಕೆ ಬಗ್ಗಿತಲ್ಲ, ಆ ಪಾಠ ಕಲಿಸಿದವರು ಯಾರು?

ಸಣ್ಣ ವ್ಯಾಪಾರಿ ಬಂಧುಗಳು ಇನ್ನೊಂದು ಮಾತನ್ನು ಗಮನಿಸಬೇಕು. ಆ ಸೀಮೆಯ ವೈನಿನ ವ್ಯಾಪಾರದಲ್ಲಿ ಬಹುಪಾಲು ಯಹೂದಿ ವರ್ತಕರ ಕೈಯಲ್ಲಿತ್ತು. ಹಳ್ಳಿ ತಿರುಗಿ ರುಚಿ ನೋಡಿ ದೇಶಾಂತರಕ್ಕೆ ಕಳಿಸುತ್ತಿದ್ದವರು ಅವರು. 1933ರ ನಂತರ ನಾಜಿಗಳು ಅವರನ್ನು ಓಡಿಸಿದರು, ಅಂಗಡಿ ಕಿತ್ತುಕೊಂಡರು, ಕೊನೆಗೆ ಜೀವವನ್ನೂ ಕಿತ್ತುಕೊಂಡರು. ಪರಿಣಾಮ? ರೈತನ ಪೀಪಾಯಿ ಕೊಳ್ಳುವವರಿಲ್ಲದೆ ನಿಂತಿತು. ಆಗ 1935ರಲ್ಲಿ ಪಾಲಟಿನೇಟ್ ಸೀಮೆಯಲ್ಲಿ ಜರ್ಮನ್ ವೈನ್ ರಸ್ತೆ ಎಂದು ಕಮಾನು ಕಟ್ಟಿ, ಬಾಜಾ ಬಾರಿಸಿ, ಪ್ರವಾಸಿಗಳನ್ನು ಕರೆದರು. ಆ ರಸ್ತೆ ಇವತ್ತಿಗೂ ಇದೆ. ಪುರವಣಿಯವರು ಅದರ ಹೂಕುಂಡಗಳನ್ನು ವರ್ಣಿಸುತ್ತಾರೆ. ವ್ಯಾಪಾರಿಯನ್ನು ಜಾತಿ ಮತ ನೋಡಿ ಬಹಿಷ್ಕರಿಸಿ ಎಂದು ಕೂಗುವವರು ಯಾವ ಊರಿನಲ್ಲಿದ್ದರೂ ಈ ಕಮಾನಿನ ಕಥೆಯನ್ನು ಕೇಳಿಸಿಕೊಳ್ಳಲಿ.

ಇನ್ನು ಚೀಟಿಯ ಮೋಸ. ಗುಂಟೂರಿನ ಮೆಣಸಿನಕಾಯಿಯನ್ನು ಬ್ಯಾಡಗಿ ಎಂದು ಚೀಲದ ಮೇಲೆ ಬರೆದು ಮಾರಿದರೆ ನಮ್ಮ ಪೇಟೆಯಲ್ಲಿ ಏನೆನ್ನುತ್ತಾರೆ? ಜರ್ಮನಿಯಲ್ಲಿ ಇದಕ್ಕೆ ಕಾನೂನೇ ದಾರಿ ಮಾಡಿಕೊಟ್ಟಿತು. ಪೀಸ್ಪೋರ್ಟ್ ಎಂಬ ಊರಿನ ಕಡಿದಾದ ಗುಡ್ಡಕ್ಕೆ 'ಗೋಲ್ಡ್‌ಟ್ರೋಪ್ಖೆನ್', ಎಂದರೆ ಚಿನ್ನದ ಹನಿ ಎಂಬ ಹೆಸರು. ಶತಮಾನಗಳ ದುಡಿಮೆಯಿಂದ ಬಂದ ಹೆಸರು ಅದು. 1971ರ ವೈನ್ ಕಾನೂನು ಸುಮಾರು 30,000 ತೋಟದ ಹೆಸರುಗಳನ್ನು ಅಳಿಸಿ 2,600ರ ಸುಮಾರಿಗೆ ಇಳಿಸಿತು. ಜೊತೆಗೆ ಹಲವು ಹಳ್ಳಿಗಳನ್ನು ಕೂಡಿಸಿ ದೊಡ್ಡ ದೊಡ್ಡ ವಲಯಗಳನ್ನು ಮಾಡಿ ಅವಕ್ಕೂ ಅದೇ ಧಾಟಿಯ ಹೆಸರಿಟ್ಟಿತು. 'ಪೀಸ್ಪೋರ್ಟರ್ ಮಿಖೆಲ್ಸ್‌ಬರ್ಗ್' ಎಂಬ ಚೀಟಿ ಅಂಟಿಸಿದ ಸೀಸೆಯಲ್ಲಿರುವುದು ಪೀಸ್ಪೋರ್ಟಿನ ಗುಡ್ಡದ್ದಾಗಿರಬೇಕಿಲ್ಲ, ರೀಸ್ಲಿಂಗೂ ಆಗಿರಬೇಕಿಲ್ಲ. ಸುತ್ತಲ ಬಯಲಿನಲ್ಲಿ ಯಂತ್ರದಿಂದ ಹೇರಳವಾಗಿ ಬೆಳೆದ ಮ್ಯುಲರ್-ತುರ್ಗೌ ಎಂಬ ತಳಿಯದಾಗಿರಬಹುದು. ಕೊಳ್ಳುವವನಿಗೆ ಎರಡು ಚೀಟಿಗಳ ಭೇದ ತಿಳಿಯುವುದು ಹೇಗೆ? ಅಗ್ಗದ ಸಿಹಿ ನೀರಿನ ಹೊಳೆ ಹರಿಯಿತು. ದೊಡ್ಡ ಸೀಸೆ ತುಂಬುವ ಕಂಪನಿಗಳು ಉದ್ಧಾರವಾದವು. 1985ರಲ್ಲಿ ಆಸ್ಟ್ರಿಯಾದ ವೈನಿಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆಸಿದ್ದು ಬಯಲಾಯಿತು. ಕೆಲವು ಜರ್ಮನ್ ಸೀಸೆಗಳಲ್ಲೂ ಅದು ಸಿಕ್ಕಿತು. ಬೆರೆಸದ ಗುಡ್ಡದ ರೈತನ ಹೆಸರೂ ಅದರೊಂದಿಗೆ ಮಣ್ಣುಪಾಲಾಯಿತು. 2021ರಲ್ಲಿ ಕಾನೂನು ತಿದ್ದಿ, ಇಂಥ ವಲಯದ ಹೆಸರಿನ ಹಿಂದೆ ಪ್ರದೇಶ ಎಂಬ ಪದ ಸೇರಿಸಬೇಕೆಂದು, ಅದೂ 2026ರ ಸುಗ್ಗಿಯಿಂದ ಎಂದು ಮಾಡಿದರು. ಒಂದು ಪದ ಸೇರಿಸಲು ಐವತ್ತೈದು ವರ್ಷ! ಈ ನಡುವೆ ಮೋಸೆಲ್ ಸೀಮೆಯಲ್ಲಿ 1990ರ ಸುಮಾರಿಗೆ 12,000 ಹೆಕ್ಟೇರಿಗೂ ಹೆಚ್ಚಿದ್ದ ದ್ರಾಕ್ಷಿ ಇವತ್ತು 9,000ಕ್ಕಿಂತ ಕೆಳಗೆ ಇಳಿದಿದೆ. ಗುಡ್ಡಗಳ ಮೇಲೆ ಮುಳ್ಳುಪೊದೆ ಬೆಳೆಯುತ್ತಿದೆ.

ಇಷ್ಟಾದ ಮೇಲೆ ಊಟದ ಮಾತಿಗೆ ಬರೋಣ, ಅದನ್ನು ಪುರವಣಿಯವರಿಗೇ ಬಿಟ್ಟುಕೊಡುವುದೇಕೆ? ಖಾರದ ಅಡಿಗೆಗೆ ರೀಸ್ಲಿಂಗ್ ಒಪ್ಪುತ್ತದೆ ಎಂದು ಅವರು ಹೇಳುವುದು ಸುಳ್ಳಲ್ಲ. ಆದರೆ ಅದರಲ್ಲಿ ಯಾವ ಮಂತ್ರವೂ ಇಲ್ಲ. ಮೋಸೆಲ್‌ನ ಹಗುರ ವೈನಿನಲ್ಲಿ ಮದ್ಯಸಾರ ಶೇಕಡಾ 8-9ರಷ್ಟೇ. ಮದ್ಯಸಾರ ಹೆಚ್ಚಿದ್ದರೆ ಮೆಣಸಿನಕಾಯಿಯ ಉರಿಯೂ ಹೆಚ್ಚುತ್ತದೆ. ಹುದುಗದೆ ಉಳಿದ ಹಣ್ಣಿನ ಸಕ್ಕರೆ ಆ ಉರಿಯನ್ನು ಇಳಿಸುತ್ತದೆ. ಹುಳಿ ಬಾಯಿಯ ಜಿಡ್ಡನ್ನು ತೊಳೆಯುತ್ತದೆ. ಕೆಂಪು ವೈನಿನ ಒಗರು ಇದರಲ್ಲಿಲ್ಲ. ಖಾರ ಹತ್ತಿದಾಗ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುವ, ಊಟದ ಕೊನೆಗೆ ಮಜ್ಜಿಗೆ ಕುಡಿಯುವ ವಿದ್ಯೆ ನಮ್ಮ ಅಜ್ಜಿಯರಿಗೆ ಯಾವ ಹೋಟೆಲಿನವನೂ ಕಲಿಸಲಿಲ್ಲ. ಎರಡನೆಯ ಪಾಳಿ ಬಿಟ್ಟು ಬಂದವನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಮೇಲೆ ಸಿಹಿ ಚಹಾ ಕುಡಿಯುತ್ತಾನೆ. ಅದೂ ಇದೇ ಶಾಸ್ತ್ರ. ಅದಕ್ಕೆ ಪಂಡಿತರು ಬೇಕಾಗಲಿಲ್ಲ.

ಬೆಳೆಗಾರನ ಮನೆಯಲ್ಲಿ ಇದರ ಜೊತೆ ಏನು ತಿನ್ನುತ್ತಾರೆ? ಸುಗ್ಗಿಯ ಕಾಲದಲ್ಲಿ, ಇನ್ನೂ ನೊರೆಯುತ್ತಿರುವ, ಸೀಸೆಯ ಮುಚ್ಚಳ ಬಿಗಿದರೆ ಸಿಡಿಯುವ ಹೊಸ ರಸವನ್ನು ಫೆಡರ್‌ವೈಸರ್ ಎನ್ನುತ್ತಾರೆ. ಅದರ ಜೊತೆಗೆ ಈರುಳ್ಳಿಯ ಕಡುಬುರೊಟ್ಟಿ: ಬ್ರೆಡ್ಡಿನ ಹಿಟ್ಟು ತಟ್ಟಿ, ಮೇಲೆ ರಾಶಿ ಈರುಳ್ಳಿ, ಮೊಟ್ಟೆ, ಕೆನೆ, ಹಂದಿಯ ಕೊಬ್ಬಿನ ಚೂರು, ಶಾಜೀರಿಗೆ ಹಾಕಿ ಒಲೆಯಲ್ಲಿ ಬೇಯಿಸಿದ್ದು. ಮೋಸೆಲ್‌ನ ಹಳ್ಳಿಗಳಲ್ಲಿ ಆಲೂಗೆಡ್ಡೆ ನಾದಿ ಹುಳಿ ಕೋಸು ಬೆರೆಸಿ ಉಣ್ಣುತ್ತಾರೆ. ಪಾಲಟಿನೇಟಿನಲ್ಲಿ ಹಂದಿಯ ಜಠರದ ಚೀಲದಲ್ಲಿ ಆಲೂಗೆಡ್ಡೆ, ಮಾಂಸದ ಚೂರು ತುಂಬಿ ಬೇಯಿಸುವ ಸೌಮಾಗೆನ್ ಎಂಬ ಹಳ್ಳಿಗರ ಅಡಿಗೆಯುಂಟು. ಹೆಲ್ಮುಟ್ ಕೋಲ್ ಚಾನ್ಸಲರ್ ಆಗಿದ್ದಾಗ ಅದನ್ನು ಥ್ಯಾಚರ್, ಗೋರ್ಬಚೆವ್ ಮೊದಲಾದ ಅತಿಥಿಗಳಿಗೆ ಬಡಿಸಿದ. ಅಂದಿನಿಂದ ಅದು ರಾಜಭೋಜನ! ದುಡಿಯುವವನ ತಟ್ಟೆಯಲ್ಲಿದ್ದಾಗ ಹಂದಿಯ ಹೊಟ್ಟೆ, ಮಂತ್ರಿಯ ತಟ್ಟೆಗೆ ಹೋದರೆ ಪರಂಪರೆ.

ಯೊಹಾನಿಸ್‌ಬರ್ಗ್ ಎಂಬ ಅರಮನೆ ತೋಟದಲ್ಲಿ ಕುದುರೆ ಸವಾರನೊಬ್ಬನ ಪ್ರತಿಮೆಯಿದೆ. ಐತಿಹ್ಯ ಹೀಗೆ: 1775ರಲ್ಲಿ ಹಣ್ಣು ಕೀಳಲು ಒಡೆಯನಾದ ಫುಲ್ಡಾದ ಮಠಾಧಿಪತಿಯ ಅಪ್ಪಣೆ ಬೇಕಿತ್ತು, ಅಪ್ಪಣೆ ತರುವ ಸವಾರ ತಡಮಾಡಿದ, ಹಣ್ಣು ಬಳ್ಳಿಯಲ್ಲೇ ಕೊಳೆಯತೊಡಗಿತು, ಆದರೂ ಕಿತ್ತು ಹಿಂಡಿದಾಗ ಅಪೂರ್ವ ಸಿಹಿ ಬಂತು. ತಡವಾದ ಕೊಯ್ಲಿನ ವೈನಿಗೆ ಅದೇ ನಾಂದಿ ಎನ್ನುತ್ತಾರೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅಲ್ಲೂ ಉಂಟೆಂದಾಯಿತು. ಪ್ರತಿಮೆ ಅಪ್ಪಣೆ ತಂದವನದು. ಎದೆ ಹೊಡೆದುಕೊಂಡು ಕಾದು, ಆಮೇಲೆ ಕೊಳೆತ ಹಣ್ಣಿನೊಳಗೆ ಕೈಯಿಟ್ಟವರ ಪ್ರತಿಮೆ ಅಲ್ಲಿಲ್ಲ.

ನಮಗೆ ಮೆಚ್ಚಿಗೆಯಾದ ಒಂದು ಪದ್ಧತಿಯೂ ಅಲ್ಲಿದೆ. ಬೆಳೆಗಾರ ತನ್ನ ಮನೆಯ ಅಂಗಳದಲ್ಲೇ, ಬಾಗಿಲಿಗೆ ಹಸಿರು ಕೊಂಬೆಯನ್ನೋ ಪೊರಕೆಯನ್ನೋ ಕಟ್ಟಿ, ವರ್ಷಕ್ಕೆ ನಾಲ್ಕು ತಿಂಗಳವರೆಗೆ ತನ್ನದೇ ವೈನನ್ನೂ ಸಾದಾ ತಿಂಡಿಯನ್ನೂ ಲೈಸೆನ್ಸಿಲ್ಲದೆ ಮಾರಬಹುದು. ನಲವತ್ತು ಆಸನ ಮೀರಬಾರದು. ರೊಟ್ಟಿ, ಮನೆಯ ಗಿಣ್ಣು, ಈರುಳ್ಳಿ, ಒಂದು ಲೋಟ ರೀಸ್ಲಿಂಗ್. ದಲಾಲಿ ಇಲ್ಲ, ಸೀಸೆ ಕಂಪನಿ ಇಲ್ಲ, ಅಗ್ಗದ ಸರಣಿ ಅಂಗಡಿಗಳ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ. ನಮ್ಮ ಸರ್ಕಾರದವರು ವೈನಿನ ನೀತಿ ಬರೆಯಲು ವಿದೇಶ ನೋಡುವುದಾದರೆ ಈ ನಲವತ್ತು ಆಸನಗಳನ್ನು ಏಕೆ ನೋಡಬಾರದು? ವೈನು ಬೇಡ, ಜೋನಿ ಬೆಲ್ಲಕ್ಕೆ, ಗಾಣದ ಎಣ್ಣೆಗೆ, ರೈತನ ಮನೆಯ ಮೊಸರಿಗೆ ಇಂಥ ಸಡಿಲಿಕೆ ಏಕಾಗಬಾರದು?

ಕೊನೆಗೆ ಕೈಯ ಮಾತು. ವಸಂತಕಾಲದಲ್ಲಿ ಜರ್ಮನ್ನರು ಬಿಳಿ ಆಸ್ಪರಾಗಸ್ ಎಂಬ ಎಳೆಯ ಕಾಂಡವನ್ನು ಬೆಣ್ಣೆ ಸುರಿದು ತಿನ್ನುತ್ತಾರೆ. ಜೊತೆಗೆ ಒಣ ರೀಸ್ಲಿಂಗೋ ಸಿಲ್ವಾನರೋ ಇರಬೇಕಂತೆ. ಜೋಡಿ ಸೊಗಸೇ ಇರಬಹುದು. ಆದರೆ ಎರಡನ್ನೂ ಕೂಡಿಸಿದ್ದು ನಾಲಿಗೆಯಲ್ಲ, ಒಂದೇ ಕೂಲಿಯ ಕೈ. ಮೇ ತಿಂಗಳಲ್ಲಿ ಆ ಕಾಂಡ ಕೊಯ್ಯುವುದಕ್ಕೂ ಅಕ್ಟೋಬರಿನಲ್ಲಿ ದ್ರಾಕ್ಷಿ ಕೀಳುವುದಕ್ಕೂ ಪೋಲೆಂಡಿನಿಂದ, ರುಮೇನಿಯಾದಿಂದ ಬಡವರು ಬರುತ್ತಾರೆ. 2020ರ ಏಪ್ರಿಲಿನಲ್ಲಿ ಕೊರೋನಾಕ್ಕೆ ಹೆದರಿ ಗಡಿಗಳನ್ನೆಲ್ಲ ಮುಚ್ಚಿದ್ದಾಗಲೂ ಈ ಕೆಲಸಗಾರರಿಗೆ ಮಾತ್ರ ವಿಮಾನದ ಬಾಗಿಲು ತೆರೆಯಿತು. ಆ ತಿಂಗಳು 40,000, ಮುಂದಿನ ತಿಂಗಳು 40,000 ಜನರವರೆಗೆ ಬಿಡಲು ಸರ್ಕಾರ ಒಪ್ಪಿತು. ಊರಿಗೆ ಬೀಗ, ಕೂಲಿಗೆ ಹಾದಿ! 2015ರಲ್ಲಿ ಜರ್ಮನಿ ಗಂಟೆಗೆ 8.50 ಯೂರೋ ಕನಿಷ್ಠ ಕೂಲಿ ಗೊತ್ತುಮಾಡಿದಾಗ ಹೊಲದ ಕೆಲಸಕ್ಕೆ ಅದಕ್ಕಿಂತ ಕೆಳಗಿನ ದರದಿಂದ ಆರಂಭಿಸಲು ಅವಕಾಶ ಕೊಟ್ಟರು. ಕೆಲವೇ ವಾರಗಳ ಕೆಲಸವೆಂದು ಪಿಂಚಣಿಯ ವಂತಿಗೆಯೂ ಇಲ್ಲ. ಮಲಗಿದ ಕೋಣೆಯ ಬಾಡಿಗೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ಸಾಲದಲ್ಲಿ ಮುಳುಗಿದ ಸಣ್ಣ ಬೆಳೆಗಾರನೂ ಇದನ್ನು ಮಾಡುತ್ತಾನೆ. ಸರಣಿ ಅಂಗಡಿಗಳು ಅವನಿಗೆ ಕೊಡುವ ಬೆಲೆಯಲ್ಲಿ ಅವನು ಇನ್ನೇನು ಮಾಡಿಯಾನು ಎಂಬುದೂ ನಮಗೆ ತಿಳಿದಿದೆ. ಅವನನ್ನೂ ಅವಳನ್ನೂ ಎದುರುಬದುರು ನಿಲ್ಲಿಸಿ ಮೇಲೆ ಕುಳಿತವನು ಬಟ್ಟಲು ಎತ್ತುತ್ತಾನೆ.

ಪುರವಣಿಯ ಪಂಡಿತರಿಗೆ ನಮ್ಮದೊಂದು ಸಲಹೆ. ಮುಂದಿನ ಭಾನುವಾರ ರೀಸ್ಲಿಂಗ್‌ಗೆ ಒಪ್ಪುವ ತಿನಿಸುಗಳ ಪಟ್ಟಿ ಬರೆಯುವಾಗ, ಆ ಸೀಸೆಯ ಬೆಲೆಯಲ್ಲಿ ಕಿತ್ತವಳಿಗೆಷ್ಟು, ಬೆಳೆದವನಿಗೆಷ್ಟು, ತುಂಬಿದವನಿಗೆಷ್ಟು, ಹೋಟೆಲಿನವನಿಗೆಷ್ಟು ಎಂದು ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚುಹಾಕಲಿ. ನಾವು ಆ ಪುಟವನ್ನು ಕನ್ನಡಕ್ಕೆ ತಂದು ಇದೇ ಪತ್ರಿಕೆಯಲ್ಲಿ ಪ್ರಕಟಿಸಲು ಸಿದ್ಧರಿದ್ದೇವೆ.